ಎಮ್ಮೆ, ಹುಲ್ಲು, ಹಕ್ಕಿ: ಭರತಪುರದ ಜೌಗುನೆಲ ಮತ್ತು ಸಸ್ಯಪರಿಸರ ಸಂಶೋಧನೆಯ ಒಂದು ಅಧ್ಯಾಯ

1

ದಿಲ್ಲಿಯಿಂದ ಸುಮಾರು 180 ಕಿ.ಮೀ. ದೂರದಲ್ಲಿ, ರಾಜಸ್ಥಾನದ ಪೂರ್ವ ಅಂಚಿನ ಭರತಪುರ ಪಟ್ಟಣಕ್ಕೆ ಹೊಂದಿಕೊಂಡು ಕೇವಲಾದೇವ ರಾಷ್ಟ್ರೀಯ ಉದ್ಯಾನವಿದೆ. ಅದರ ಒಟ್ಟು ವಿಸ್ತೀರ್ಣ ಸುಮಾರು 29 ಚದರ ಕಿ.ಮೀ. ಇದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಜೌಗುನೆಲ; ಉಳಿದದ್ದು ಹುಲ್ಲುಗಾವಲು ಮತ್ತು ಕುರುಚಲು ಕಾಡು. ಹಕ್ಕಿಗಳ ನೆಲೆಯೆಂದು ಲೋಕಪ್ರಸಿದ್ಧವಾಗಿರುವ ಈ ಸ್ಥಳವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಹಕ್ಕಿಗಳನ್ನು ಕುರಿತದ್ದೇ ಆಗಿದೆ. ಪ್ರಸ್ತುತ ಲೇಖನದಲ್ಲಿ ನಾವು ಹಕ್ಕಿಯನ್ನು ಬದಿಗಿರಿಸಿ ಒಂದು ಹುಲ್ಲಿನ ಚರಿತ್ರೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ಈ ಹುಲ್ಲು ನೀರನ್ನು ಮುಚ್ಚಿತು. ಅದು ಏಕೆ ಹಾಗೆ ಮಾಡಿತೆಂಬುದನ್ನು ತಿಳಿಯಲು ಹತ್ತು ವರ್ಷಗಳ ಸಂಶೋಧನೆ ಬೇಕಾಯಿತು. ತಿಳಿದ ಮೇಲೂ ಆ ತಿಳಿವಳಿಕೆ ಕಾನೂನಿನ ಒಳಗೆ ಪ್ರವೇಶಿಸಲಾರದೆ ಹೊರಗೇ ಉಳಿಯಿತು.

ಕೆಟ್ಟುಹೋದ ಜೌಗುನೆಲವನ್ನು ಮತ್ತೆ ಸರಿಪಡಿಸುವ ಪ್ರಯತ್ನಗಳು ಇಂದು ದೇಶದ ಎಲ್ಲೆಡೆ ನಡೆದಿವೆ. ಅವುಗಳ ಹಿಂದಿರುವ ಗ್ರಹಿಕೆಗಳನ್ನು ಅರಿಯುವುದಕ್ಕೆ ಭರತಪುರದ ಪ್ರಸಂಗ ಸಹಾಯಕವಾಗಬಲ್ಲದೆಂಬುದು ನಮ್ಮ ನಂಬಿಕೆ.

2

ಮೊದಲಿಗೆ ಗಮನಿಸಬೇಕಾದ ಸಂಗತಿಯೆಂದರೆ, ಕೇವಲಾದೇವದ ನೀರು ತಾನಾಗಿ ಬಂದು ನಿಂತ ನೀರಲ್ಲ. ಇಲ್ಲಿ ಒಂದು ಸಹಜವಾದ ತಗ್ಗು ಇತ್ತು. ಗಂಭೀರ್ ಮತ್ತು ಬಾಣಗಂಗಾ ಎಂಬ ಎರಡು ಹಂಗಾಮಿ ನದಿಗಳು ಮಳೆಗಾಲದಲ್ಲಿ ಉಕ್ಕಿ ಈ ಬಯಲನ್ನು ತುಂಬುತ್ತಿದ್ದವು. 18ನೆಯ ಶತಮಾನದಲ್ಲಿ, ಭರತಪುರದ ಜಾಟ್ ದೊರೆ ಸೂರಜ್ ಮಲ್ಲನ ಕಾಲದಲ್ಲಿ, ಈ ನದಿಗಳು ಕೂಡುವ ಕಡೆ ಅಜಾನ್ ಬಂಡ್ ಎಂಬ ಕಟ್ಟೆಯನ್ನು ನಿರ್ಮಿಸಲಾಯಿತು. ತಗ್ಗಿನ ನಡುವೆ ಶಿವನ ಒಂದು ಗುಡಿಯಿದೆ. ಕೇವಲಾದೇವ ಎಂಬ ಹೆಸರು ಬಂದದ್ದು ಅದರಿಂದ. ಸುತ್ತಲಿನ ಜನರು ಈ ಪ್ರದೇಶವನ್ನು 'ಘನಾ' ಎನ್ನುತ್ತಾರೆ. ದಟ್ಟವಾದ ಕಾಡು ಎಂಬುದು ಅದರ ಅರ್ಥ.

19ನೆಯ ಶತಮಾನದ ಕೊನೆಯಲ್ಲಿ ಭರತಪುರದ ಅರಸರು ಈ ತಗ್ಗನ್ನು ಬಾತುಕೋಳಿಗಳ ಬೇಟೆಯ ತಾಣವಾಗಿ ರೂಪಿಸಿದರು. ಕಾಲುವೆಯ ಮೂಲಕ ಅಜಾನ್ ಬಂಡಿನ ನೀರನ್ನು ತಂದು, ಏರಿಗಳಿಂದ ತಗ್ಗನ್ನು ಹಲವು ಅಂಕಣಗಳಾಗಿ ವಿಭಜಿಸಿ, ಪ್ರತಿಯೊಂದು ಅಂಕಣಕ್ಕೂ ತೂಬನ್ನು ಇಡಲಾಯಿತು. ಇದರಿಂದ ಒಂದು ಕಡೆ ಆಳವಾದ ನೀರನ್ನೂ ಮತ್ತೊಂದು ಕಡೆ ಮೊಳಕಾಲುದ್ದದ ನೀರನ್ನೂ ಏಕಕಾಲದಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಮುಳುಗಿ ಮೇಯುವ ಬಾತು, ತೇಲುತ್ತ ಮೇಯುವ ಬಾತು, ನಡೆದು ಮೇಯುವ ಕೊಕ್ಕರೆ, ಇವೆಲ್ಲವೂ ಒಂದೆಡೆ ನೆಲೆಸಲು ಈ ಎಂಜಿನಿಯರಿಂಗ್ ವ್ಯವಸ್ಥೆಯೇ ಕಾರಣ. ವೈಸರಾಯ್ ಕರ್ಜನ್‌ಗಾಗಿ 1902ರಲ್ಲಿ ಮೊದಲ ದೊಡ್ಡ ಬೇಟೆ ಏರ್ಪಟ್ಟಿತು. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೊ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಕೊಲ್ಲಲಾಯಿತು. ಈ ಬೇಟೆಗಳ ದಿನಾಂಕ, ಅತಿಥಿಗಳ ಹೆಸರು ಮತ್ತು ಕೊಂದ ಹಕ್ಕಿಗಳ ಸಂಖ್ಯೆಯನ್ನು ಕೆತ್ತಿದ ಕಲ್ಲುಗಳು ಗುಡಿಯ ಸಮೀಪದಲ್ಲಿ ಇಂದಿಗೂ ನಿಂತಿವೆ.

ಈ ಕಲ್ಲುಗಳಲ್ಲಿ ದಾಖಲಾಗದ ಮತ್ತೊಂದು ಬಳಕೆಯೂ ಇಲ್ಲಿ ನಡೆದಿತ್ತು. ಸುತ್ತಲಿನ ಹಳ್ಳಿಗಳ ಜನರು ತಮ್ಮ ದನ ಎಮ್ಮೆಗಳನ್ನು ಈ ತಗ್ಗಿಗೆ ಹೊಡೆಯುತ್ತಿದ್ದರು, ಮೇವನ್ನು ಕೊಯ್ಯುತ್ತಿದ್ದರು, ಸೌದೆಯನ್ನೂ ಲಾವಂಚದ ಬೇರನ್ನೂ ಒಯ್ಯುತ್ತಿದ್ದರು. ಅರಸರ ಬೇಟೆಗೂ ಇದಕ್ಕೂ ವಿರೋಧವೇನೂ ಇರಲಿಲ್ಲ. ತಲೆಮಾರುಗಳ ಕಾಲ ಎಮ್ಮೆ ಮೇದ ನೀರಿನಲ್ಲಿಯೇ ಹಕ್ಕಿಗಳು ಇಳಿಯುತ್ತಿದ್ದವು.

3

ಈಗ ಸ್ವಲ್ಪ ಹಿಂದೆ ಸರಿದು ಸಸ್ಯಪರಿಸರ ವಿಜ್ಞಾನದ ಕಡೆಗೆ ನೋಡಬೇಕು. ನಮ್ಮ ದೇಶದಲ್ಲಿ ಈ ಶಾಸ್ತ್ರದ ಆರಂಭಕ್ಕೂ ಜಲಸಸ್ಯಗಳಿಗೂ ನಿಕಟವಾದ ಸಂಬಂಧವಿದೆ. ಭಾರತೀಯ ಪರಿಸರ ವಿಜ್ಞಾನದ ಪ್ರವರ್ತಕರೆಂದು ಗೌರವಿಸಲ್ಪಡುವ ರಾಮದೇವ ಮಿಶ್ರ ಅವರು 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಬ್ಲ್ಯು. ಎಚ್. ಪಿಯರ್ಸಾಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಇಂಗ್ಲೆಂಡಿನ ಸರೋವರಗಳಲ್ಲಿ ಯಾವ ಜಲಸಸ್ಯ ಎಲ್ಲಿ ಬೆಳೆಯುತ್ತದೆಂಬುದನ್ನು ತಳದ ಮಣ್ಣಿನ ಗುಣ ಹೇಗೆ ನಿರ್ಧರಿಸುತ್ತದೆ ಎಂಬುದು ಅವರು 1938ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ. ಮುಂದೆ ಅವರು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಪರಂಪರೆಯನ್ನೇ ಕಟ್ಟಿದರು.

ಆ ಕಾಲದ ಸಸ್ಯಪರಿಸರ ಚಿಂತನೆಯ ಕೇಂದ್ರದಲ್ಲಿದ್ದುದು 'ಸಸ್ಯಾನುಕ್ರಮ'ದ ಪರಿಕಲ್ಪನೆ. ಅಮೆರಿಕದ ಫ್ರೆಡೆರಿಕ್ ಕ್ಲೆಮೆಂಟ್ಸ್ 1916ರಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದರು. ಇದರ ಪ್ರಕಾರ ನಿಂತ ನೀರಿನಲ್ಲಿ ಮೊದಲು ಮುಳುಗಿ ಬೆಳೆಯುವ ಸಸ್ಯಗಳು ಬರುತ್ತವೆ; ಅವುಗಳ ಕೊಳೆತ ಶೇಷ ಮತ್ತು ಹೂಳಿನಿಂದ ತಳ ಏರಿದಂತೆ ನೈದಿಲೆಯಂತಹ ತೇಲೆಲೆಯ ಗಿಡಗಳು ನೆಲೆಗೊಳ್ಳುತ್ತವೆ; ಆಮೇಲೆ ಜೊಂಡು, ಬಳಿಕ ಹುಲ್ಲು, ಕಡೆಗೆ ಪೊದೆ ಮತ್ತು ಮರ. ಹೊರಗಿನ ಅಡ್ಡಿಯಿಲ್ಲದಿದ್ದರೆ ಸಸ್ಯಸಮುದಾಯವು ತನ್ನ ಪರಾಕಾಷ್ಠೆಯನ್ನು ತಲುಪಿ ಸ್ಥಿರವಾಗುತ್ತದೆ ಎಂಬುದು ಕ್ಲೆಮೆಂಟ್ಸರ ನಿಲುವು.

ಈ ಪರಿಕಲ್ಪನೆಯಿಂದ ಎರಡು ಪರಸ್ಪರ ವಿರುದ್ಧ ತೀರ್ಮಾನಗಳಿಗೆ ಬರಬಹುದೆಂಬುದನ್ನು ನಾವು ಇಲ್ಲಿ ಒತ್ತಿ ಹೇಳಬಯಸುತ್ತೇವೆ. ಮನುಷ್ಯನನ್ನೂ ಅವನ ದನಗಳನ್ನೂ ಹೊರಗಿಟ್ಟರೆ ಪ್ರಕೃತಿ ತನ್ನ ಅತ್ಯುತ್ತಮ ಸ್ಥಿತಿಗೆ ಮರಳುತ್ತದೆ ಎಂಬುದು ಒಂದು. ಆಳವಿಲ್ಲದ ನೀರು ಅಡ್ಡಿಯಿಲ್ಲದೆ ಬಿಟ್ಟರೆ ಹುಲ್ಲುಗಾವಲಾಗಿ, ಕಾಡಾಗಿ, ನೀರೆಂಬ ಸ್ವರೂಪವನ್ನೇ ಕಳೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಕಾಡಿನ ರಕ್ಷಣೆಗೆ ಮೊದಲನೆಯ ತೀರ್ಮಾನ ಒಪ್ಪಬಹುದಾದದ್ದು. ಜೌಗುನೆಲಕ್ಕೆ ಅದನ್ನು ಅನ್ವಯಿಸಿದಾಗ ಏನಾಗುತ್ತದೆಂಬುದನ್ನು ಭರತಪುರ ತೋರಿಸಿಕೊಟ್ಟಿತು.

4

1956ರಲ್ಲಿ ಘನಾ ಪಕ್ಷಿಧಾಮವಾಯಿತು. ಆದರೂ ಅರಸರ ಬೇಟೆಯ ಹಕ್ಕು 1972ರ ವರೆಗೆ ಮುಂದುವರಿಯಿತು. 1981ರಲ್ಲಿ ಒಡಿಶಾದ ಚಿಲಿಕಾ ಸರೋವರದೊಂದಿಗೆ ಕೇವಲಾದೇವವೂ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಭಾರತದಿಂದ ಆ ಪಟ್ಟಿಗೆ ಸೇರಿದ ಮೊದಲ ಎರಡು ತಾಣಗಳು ಇವೇ. ಆ ವೇಳೆಗೆ ಪ್ರದೇಶದ ಸುತ್ತಲೂ ಸುಮಾರು ಎರಡು ಮೀಟರ್ ಎತ್ತರದ ಕಲ್ಲಿನ ಗೋಡೆ ಎದ್ದಿತ್ತು. 1982ರ ಮಾರ್ಚಿನಲ್ಲಿ ಅದು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 35ನೆಯ ಪ್ರಕರಣವು ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರುಗಳ ಮೇಯುವಿಕೆಯನ್ನು ನಿಷೇಧಿಸುತ್ತದೆ. ಹೆಸರು ಬದಲಾದೊಡನೆ ಎಮ್ಮೆಯ ಪ್ರವೇಶವೂ ಅಪರಾಧವಾಯಿತು.

ನಿಷೇಧವನ್ನು 1982ರ ನವೆಂಬರಿನಲ್ಲಿ ಕಟ್ಟುನಿಟ್ಟಾಗಿ ಜಾರಿಗೊಳಿಸಿದಾಗ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು; ಹಲವು ಗ್ರಾಮಸ್ಥರು ಮೃತರಾದರು. ಜೌಗುನೆಲಗಳ ರಕ್ಷಣೆಯ ಇತಿಹಾಸವನ್ನು ಬರೆಯುವವರು ಈ ಸಂಗತಿಯನ್ನು ಒಂದು ಅಡಿಟಿಪ್ಪಣಿಯಾಗಿ ಇರಿಸಿ ಮುಂದೆ ಸಾಗುವುದುಂಟು. ಹಾಗೆ ಮಾಡುವುದು ಉಚಿತವಲ್ಲ. ಏಕೆಂದರೆ ಆ ಸಾವುಗಳ ಹಿಂದೆ ಸಸ್ಯಗಳನ್ನು ಕುರಿತ ಒಂದು ಗ್ರಹಿಕೆಯಿತ್ತು. ದನಗಳು ಹಕ್ಕಿಗಳ ಆಹಾರವನ್ನು ಕಸಿಯುತ್ತವೆ, ಆವಾಸವನ್ನು ಕೆಡಿಸುತ್ತವೆ ಎಂಬುದು ಅಂದಿನ ಸಂರಕ್ಷಕರಲ್ಲಿ ಅನೇಕರು ಪರೀಕ್ಷೆಯಿಲ್ಲದೆ ಒಪ್ಪಿದ್ದ ಮಾತು.

5

ಆ ಮಾತನ್ನು ಪರೀಕ್ಷಿಸುವ ಅವಕಾಶ ಒಂದು ರೀತಿಯಲ್ಲಿ ಆಕಸ್ಮಿಕವಾಗಿ ಒದಗಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1980ರಲ್ಲಿಯೇ ಇಲ್ಲಿ ದೀರ್ಘಕಾಲದ ಪರಿಸರ ಅಧ್ಯಯನವನ್ನು ಆರಂಭಿಸಿತ್ತು. ವಿ. ಎಸ್. ವಿಜಯನ್ ಅವರ ನೇತೃತ್ವದ ಈ ಅಧ್ಯಯನ 1990ರ ವರೆಗೆ ನಡೆದು, ಅಂತಿಮ ವರದಿ 1991ರಲ್ಲಿ ಹೊರಬಂದಿತು. ನಿಷೇಧಕ್ಕೆ ಮೊದಲಿನ ಎರಡು ವರ್ಷಗಳು ಮತ್ತು ಅನಂತರದ ಎಂಟು ವರ್ಷಗಳು ಒಂದೇ ತಂಡದ ಕಣ್ಣಿನ ಮುಂದೆ ಹಾದುಹೋದವು. ನೀರಿನ ಗುಣ, ಸಸ್ಯರಾಶಿಯ ತೂಕ, ಮೀನು, ಹಕ್ಕಿ, ಇವೆಲ್ಲವನ್ನೂ ವರ್ಷದಿಂದ ವರ್ಷಕ್ಕೆ ಹೋಲಿಸುವುದು ಸಾಧ್ಯವಾಯಿತು.

ನಿಷೇಧದ ಬಳಿಕ ಎದ್ದು ಕಂಡ ಬದಲಾವಣೆಯೆಂದರೆ ಪಾಸ್ಪಾಲಮ್ ಡಿಸ್ಟಿಕಮ್ ಎಂಬ ಹುಲ್ಲಿನ ಹಬ್ಬುವಿಕೆ. ಇದು ನಮ್ಮ ಕಡೆಯ ಹಾರಕದ ಕುಲಕ್ಕೆ ಸೇರಿದ ಬಹುವಾರ್ಷಿಕ. ನೀರಿನಲ್ಲಿಯೂ ಬೆಳೆಯುತ್ತದೆ, ನೀರಿಳಿದ ಕೆಸರಿನಲ್ಲಿಯೂ ಬದುಕುತ್ತದೆ. ನೆಲದ ಮೇಲೆ ಹರಿದಾಡುವ ಕಾಂಡದ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನೀರು ಏರಿದಾಗ ಕಾಂಡಗಳು ಹೆಣೆದುಕೊಂಡು ಚಾಪೆಯಂತೆ ಮೇಲೆ ಹರಡುತ್ತವೆ. ಚಾಪೆಯ ಕೆಳಗೆ ಬೆಳಕು ಇಳಿಯುವುದಿಲ್ಲ. ಮುಳುಗಿ ಬೆಳೆಯುವ ಸಸ್ಯಗಳು ನಶಿಸುತ್ತವೆ. ಸತ್ತ ಹುಲ್ಲು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗುತ್ತದೆ, ಮೀನು ಕಡಿಮೆಯಾಗುತ್ತದೆ. ಕೊಳೆತ ಶೇಷ ತಳದಲ್ಲಿ ಸೇರಿ ತಗ್ಗನ್ನು ತುಂಬುತ್ತದೆ. ಬಾತುಕೋಳಿಗೆ ಇಳಿಯಲು ಬೇಕಾದ ತೆರೆದ ನೀರು ಇಲ್ಲವಾಗುತ್ತದೆ.

ಈ ಹುಲ್ಲನ್ನು ಅಲ್ಲಿಯ ವರೆಗೆ ಹದ್ದಿನಲ್ಲಿಟ್ಟಿದ್ದುದು ಎಮ್ಮೆ. ಹಸು ನೀರಿನ ಅಂಚಿನಲ್ಲಿಯೇ ಮೇಯುತ್ತದೆ. ಎಮ್ಮೆ ನೀರಿನೊಳಗೆ ಇಳಿದು ಮೇಯುತ್ತದೆ, ತುಳಿಯುತ್ತದೆ, ಹೊರಳಾಡುತ್ತದೆ. ಅದು ಹೊರಳಿದ ಕಡೆ ತೆರೆದ ಮಡು ಉಳಿಯುತ್ತದೆ. ಮೇವು ಕೊಯ್ಯುವವರ ಕುಡುಗೋಲು ಉಳಿದ ಕೆಲಸವನ್ನು ಮಾಡುತ್ತಿತ್ತು. ಈ ಎರಡೂ ಒಮ್ಮೆಗೇ ನಿಂತಾಗ, ಪಿಯರ್ಸಾಲ್ ಮತ್ತು ಮಿಶ್ರರು ತಣ್ಣನೆಯ ಇಂಗ್ಲೆಂಡಿನ ಸರೋವರಗಳಲ್ಲಿ ಗುರುತಿಸಿದ್ದಂತಹ ಸಸ್ಯಾನುಕ್ರಮವು ಭರತಪುರದ ಬಿಸಿಲಿನಲ್ಲಿ ಕೆಲವೇ ವರ್ಷಗಳಲ್ಲಿ ನಡೆದುಹೋಯಿತು. ಜೌಗುನೆಲದ ಹಿತಕ್ಕೆ ಎಮ್ಮೆಗಳ ಮಿತವಾದ ಮೇಯುವಿಕೆ ಅಗತ್ಯವೆಂಬ ತೀರ್ಮಾನಕ್ಕೆ ಅಧ್ಯಯನ ಬಂದಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಭರತಪುರಕ್ಕೆ ಸೈಬೀರಿಯದ ಕೊಕ್ಕರೆಗಳು ಬರುವುದು ನಿಂತದ್ದಕ್ಕೂ ಮೇಯುವಿಕೆಯ ನಿಷೇಧವೇ ಕಾರಣವೆಂದು ಕೆಲವರು ಬರೆದಿದ್ದಾರೆ. ಕೊನ್ನಾರಿಯಂತಹ ಗಿಡಗಳ ಗಡ್ಡೆಗಳನ್ನು ಅಗೆದು ತಿನ್ನುವ ಈ ಹಕ್ಕಿಗೆ ದಟ್ಟವಾದ ಹುಲ್ಲಿನ ಹೊದಿಕೆ ಅಡ್ಡಿಯಾದದ್ದು ನಿಜವಿರಬಹುದು. ಆದರೆ ಅವುಗಳ ಇಳಿಕೆ ನಿಷೇಧಕ್ಕಿಂತ ಮೊದಲೇ ಆರಂಭವಾಗಿತ್ತು. 1960ರ ದಶಕದ ಮಧ್ಯದಲ್ಲಿ ಸುಮಾರು 200ರಷ್ಟಿದ್ದ ಕೊಕ್ಕರೆಗಳು 1980ರ ಚಳಿಗಾಲದ ವೇಳೆಗೆ ಕೆಲವು ಹತ್ತುಗಳಿಗೆ ಇಳಿದಿದ್ದವು. ಅಫ್ಘಾನಿಸ್ತಾನವನ್ನು ಹಾದುಬರುವ ವಲಸೆಯ ದಾರಿಯುದ್ದಕ್ಕೂ ಅವುಗಳ ಬೇಟೆ ನಡೆದಿತ್ತು. 2002ರಲ್ಲಿ ಕಂಡ ಜೋಡಿಯೇ ಕಡೆಯದು. ಆದ್ದರಿಂದ ಅಧ್ಯಯನ ಖಚಿತವಾಗಿ ತೋರಿಸಿದ್ದನ್ನು ಮಾತ್ರ ನಾವು ಒಪ್ಪಬೇಕು: ಎಮ್ಮೆ, ಹುಲ್ಲು ಮತ್ತು ತೆರೆದ ನೀರಿನ ಪರಸ್ಪರ ಸಂಬಂಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಅವರು ಜನರ ಅನುಭವಜ್ಞಾನವನ್ನು ಕಡೆಗಣಿಸಿದ ಸಂರಕ್ಷಣೆಗೆ ನಿದರ್ಶನವಾಗಿ ಭರತಪುರವನ್ನು ಉಲ್ಲೇಖಿಸುತ್ತಿದ್ದರು. ಇತಿಹಾಸಕಾರ ಮೈಕೆಲ್ ಲೂಯಿಸ್ ಅವರು 2003ರ ಲೇಖನವೊಂದರಲ್ಲಿ ಇದೇ ಪ್ರಸಂಗವನ್ನು ವಿಜ್ಞಾನ ಮತ್ತು ವಕಾಲತ್ತುಗಳ ನಡುವಿನ ತೊಡಕಿನ ನಿದರ್ಶನವಾಗಿ ಪರಿಶೀಲಿಸಿದ್ದಾರೆ. ಎರಡು ಓದುಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಸಂಶೋಧಕರಿಗೆ ಲಾಭದಾಯಕ.

6

ವರದಿಯ ತೀರ್ಮಾನದಿಂದ ಕಾನೂನು ಬದಲಾಗಲಿಲ್ಲ. ಹುಲ್ಲನ್ನು ಯಂತ್ರಗಳಿಂದ ಕೀಳಿಸುವ ಪ್ರಯತ್ನ ನಡೆಯಿತು. ಹಳ್ಳಿಗರಿಗೆ ಪರವಾನಿಗೆಯ ಮೇಲೆ ಮೇವು ಕೊಯ್ಯಲು ಅವಕಾಶ ದೊರೆಯಿತು. 1985ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು. ಐದು ವರ್ಷಗಳ ಬಳಿಕ, 1990ರಲ್ಲಿ, ಅದೇ ತಾಣ ಅಪಾಯಕ್ಕೊಳಗಾದ ರಾಮ್‌ಸಾರ್ ನೆಲೆಗಳ 'ಮಾಂಟ್ರೂ ದಾಖಲೆ'ಗೂ ಸೇರಿತು. ನೀರಿನ ಕೊರತೆ, ಮೇಯುವಿಕೆಯಲ್ಲಿನ ಅಸಮತೋಲನ ಮತ್ತು ಪಾಸ್ಪಾಲಮ್ ಹುಲ್ಲಿನ ಆಕ್ರಮಣ ಅಲ್ಲಿ ನಮೂದಾದ ಕಾರಣಗಳು.

ನೀರಿನ ಕೊರತೆ ಮುಂದೆ ಇನ್ನಷ್ಟು ತೀವ್ರವಾಯಿತು. ಗಂಭೀರ್ ನದಿಗೆ ಮೇಲ್ಹರಿವಿನಲ್ಲಿ, ಕರೌಲಿ ಜಿಲ್ಲೆಯಲ್ಲಿ, ಪಾಂಚನಾ ಅಣೆಕಟ್ಟು ನಿರ್ಮಾಣವಾಯಿತು. 2004ರಲ್ಲಿ ಅಲ್ಲಿಯ ರೈತರು ನೀರನ್ನು ಕೆಳಗೆ ಬಿಡುವುದನ್ನು ವಿರೋಧಿಸಿದರು, ಉದ್ಯಾನ ಒಣಗಿತು. ನದಿಯ ನೀರು ಬರುವುದೆಂದರೆ ಬರಿಯ ನೀರು ಬರುವುದಲ್ಲ. ಅದರೊಡನೆ ಮೀನಿನ ಮರಿಗಳೂ ಸಸ್ಯಗಳ ಬೀಜಗಳೂ ಬರುತ್ತವೆ. ಬೇರೆಡೆಯಿಂದ ಕೊಳವೆಯಲ್ಲಿ ತಂದ ನೀರು ಈ ಕೊರತೆಯನ್ನು ಪೂರ್ತಿಯಾಗಿ ತುಂಬಲಾರದು. ಉದ್ಯಾನಕ್ಕೆ ವರ್ಷಕ್ಕೆ ಬೇಕಾಗುವ ನೀರನ್ನು ಸುಮಾರು 550 ದಶಲಕ್ಷ ಘನ ಅಡಿಯೆಂದು ಅಂದಾಜು ಮಾಡಲಾಗಿದೆ. ಗೋವರ್ಧನ ಕಾಲುವೆಯಿಂದ 350 ದಶಲಕ್ಷ ಘನ ಅಡಿ ಮತ್ತು ಚಂಬಲ್ ಕುಡಿಯುವ ನೀರಿನ ಯೋಜನೆಯಿಂದ 62.5 ದಶಲಕ್ಷ ಘನ ಅಡಿ ನೀರನ್ನು ಒದಗಿಸುವ ವ್ಯವಸ್ಥೆಯನ್ನು 2010ರ ಆಸುಪಾಸಿನ ವರ್ಷಗಳಲ್ಲಿ ರೂಪಿಸಲಾಯಿತು.

ನೀರು ನಿಲ್ಲದ ಅಂಕಣಗಳಿಗೆ ಮತ್ತೊಂದು ಸಸ್ಯ ನುಗ್ಗಿತು. ಅದು ನಮ್ಮವರಿಗೆ ಬಳ್ಳಾರಿ ಜಾಲಿ ಎಂಬ ಹೆಸರಿನಿಂದ ಚೆನ್ನಾಗಿ ಪರಿಚಿತವಾದ ಪ್ರೊಸೋಪಿಸ್ ಜೂಲಿಫ್ಲೋರಾ. ಮುಚ್ಚಿದ ಹುಲ್ಲಿನ ಬಳಿಕ ಪೊದೆ ಬಂದಿತು. ಅನುಕ್ರಮದ ಮುಂದಿನ ಮೆಟ್ಟಿಲು ಅದು. ಇದನ್ನು ಕೀಳಲು 2007ರಿಂದೀಚೆಗೆ ಕೈಗೊಂಡ ಕ್ರಮ ಗಮನಾರ್ಹವಾದದ್ದು. ಗೋಡೆಯಾಚೆಯ ಹಳ್ಳಿಗರನ್ನು ಒಳಗೆ ಕರೆದು, ಬೇರುಸಹಿತ ಕಿತ್ತ ಸೌದೆಯನ್ನು ಅವರಿಗೇ ಬಿಟ್ಟುಕೊಡಲಾಯಿತು. ಕಾಲು ಶತಮಾನದ ಹಿಂದೆ ಯಾರ ಪ್ರವೇಶವನ್ನು ಬಂದೂಕಿನಿಂದ ತಡೆಯಲಾಗಿತ್ತೋ ಅವರ ದುಡಿಮೆಯನ್ನು ಈಗ ಆಹ್ವಾನಿಸಬೇಕಾಯಿತು.

ಒಂದು ಹೋಲಿಕೆಯನ್ನು ಇಲ್ಲಿ ಹೇಳಬಹುದು. ಚಿಲಿಕಾ ಸರೋವರವೂ 1993ರಲ್ಲಿ ಮಾಂಟ್ರೂ ದಾಖಲೆಗೆ ಸೇರಿತ್ತು. ಕಡಲಿನೊಡನೆ ಅದರ ಸಂಪರ್ಕ ಹೂಳಿನಿಂದ ಕುಗ್ಗಿ, ಉಪ್ಪು ಕಡಿಮೆಯಾಗಿ, ಸಿಹಿನೀರಿನ ಕಳೆಗಳು ಹರಡಿದ್ದವು. 2000ದಲ್ಲಿ ಕಡಲಿಗೆ ಹೊಸ ಬಾಯಿಯನ್ನು ತೆರೆದ ಬಳಿಕ ಉಪ್ಪಿನ ಪ್ರಮಾಣ ಏರಿ ಕಳೆ ಹಿಮ್ಮೆಟ್ಟಿತು, ಮೀನುಗಾರಿಕೆ ಚೇತರಿಸಿತು. 2002ರಲ್ಲಿ ಚಿಲಿಕಾ ಆ ದಾಖಲೆಯಿಂದ ಹೊರಬಂದಿತು. ಕೇವಲಾದೇವ ಅಲ್ಲಿಯೇ ಉಳಿದಿದೆ. ಸಸ್ಯವನ್ನು ನಿಯಂತ್ರಿಸುವ ಕಾರಣವನ್ನು ಗುರುತಿಸಿ ಅದನ್ನೇ ಸರಿಪಡಿಸಿದಾಗ ಫಲ ದೊರೆಯುತ್ತದೆಂಬುದಕ್ಕೆ ಚಿಲಿಕಾ ಸಾಕ್ಷಿ. ಭರತಪುರದಲ್ಲಿ ಕಾರಣ ಗೊತ್ತಿದ್ದೂ ಕೈ ಕಟ್ಟಿದೆ.

7

ಕನ್ನಡದ ಓದುಗರಿಗೆ ಈ ಪ್ರಸಂಗದಲ್ಲಿ ಅಪರಿಚಿತವಾದದ್ದು ಕಡಿಮೆ. ನಮ್ಮ ಕೆರೆಗಳೂ ಮಾಡಿದ ನೀರು. ಕರ್ನಾಟಕದ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರಿನ ಜೊತೆಗೆ, ಅದರ ಪಾಲನೆಗೆ ಬಿಟ್ಟ ಬಿತ್ತುವಟ, ಕಟ್ಟುಗೊಡಗೆ ಮುಂತಾದ ದತ್ತಿಗಳೂ, ಹೂಳು ಹೊರುವ ಬಂಡಿಗಳಿಗೆ ಮಾಡಿದ ಏರ್ಪಾಡುಗಳೂ ಬರುತ್ತವೆ. ಕೆರೆ ಎಂದರೆ ಕಟ್ಟಿ ಮುಗಿಸಿದ ವಸ್ತುವಲ್ಲ, ಪ್ರತಿವರ್ಷವೂ ದುಡಿದು ಉಳಿಸಿಕೊಳ್ಳಬೇಕಾದದ್ದು ಎಂಬ ಅರಿವು ಆ ಕಲ್ಲುಗಳಲ್ಲಿದೆ. ಭರತಪುರದ ಕಲ್ಲುಗಳು ಬೇಟೆಯನ್ನು ದಾಖಲಿಸಿದವು, ದುಡಿಮೆಯನ್ನು ದಾಖಲಿಸಲಿಲ್ಲ. ಅದನ್ನು ಅನಂತರ ಕಾನೂನು ಬರೆದವರು ಅಲ್ಲಿ ಪ್ರಕೃತಿಯನ್ನು ಮಾತ್ರ ಕಂಡರು.

ಕಾವೇರಿಯ ರಂಗನತಿಟ್ಟು ಕೂಡ 17ನೆಯ ಶತಮಾನದಲ್ಲಿ ಒಡ್ಡು ಕಟ್ಟಿದ್ದರಿಂದ ಮೂಡಿದ ನಡುಗಡ್ಡೆಗಳ ನೆಲೆ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಇಂತಹ ನೆಲೆಗಳ ಸಂಖ್ಯೆ ಹೆಚ್ಚುತ್ತಿರುವಾಗ ಪುನಶ್ಚೇತನವೆಂಬ ಪದದ ಅರ್ಥವನ್ನು ನಾವು ಮತ್ತೊಮ್ಮೆ ವಿಚಾರಿಸಬೇಕಾಗಿದೆ. ನಗರದ ಕೆರೆಗಳಿಗೆ ಬೇಲಿ ಹಾಕಿ, ಮೇವು ಕೊಯ್ಯುವವರನ್ನೂ ಎಮ್ಮೆ ಮೈತೊಳೆಯುವವರನ್ನೂ ಹೊರಗಿಟ್ಟು, ಬಳಿಕ ಕಳೆ ತೆಗೆಯಲು ಯಂತ್ರವನ್ನು ಬಾಡಿಗೆಗೆ ತರುವುದು ಈಗ ಅಪರೂಪದ ದೃಶ್ಯವಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಜೌಗುನೆಲದ ಸಸ್ಯಗಳು ನೀರಿನ ಆಳ, ನೀರು ಬಂದು ಹೋಗುವ ಕಾಲ, ಮೇಯುವ ಪ್ರಾಣಿ ಮತ್ತು ಕೊಯ್ಯುವ ಕೈ, ಈ ನಾಲ್ಕರ ಲೆಕ್ಕವನ್ನು ಸದಾ ಬರೆಯುತ್ತಿರುತ್ತವೆ. ಆ ಲೆಕ್ಕವನ್ನು ಓದಬಲ್ಲದ್ದು ಸಸ್ಯಪರಿಸರ ವಿಜ್ಞಾನ. ನಾಲ್ಕರಲ್ಲಿ ಒಂದನ್ನು ಅಳಿಸುವ ಮುನ್ನ ಓದಿದರೆ ಅದು ಮಾರ್ಗದರ್ಶಕ. ಅಳಿಸಿದ ಮೇಲೆ ಓದಿದರೆ ಅದು ಮರಣೋತ್ತರ ಪರೀಕ್ಷೆ. ಭರತಪುರದಲ್ಲಿ ಆ ಓದು 1991ರಲ್ಲಿ ಬಂದಿತು. 1982ರ ನವೆಂಬರಿನಲ್ಲಿ ಸತ್ತವರು ಅದನ್ನು ತಮ್ಮದೇ ಭಾಷೆಯಲ್ಲಿ ಮೊದಲೇ ಹೇಳಿದ್ದರು.